ಹೆರಿಗೆಯಾಗಿ ಎಷ್ಟನೇ ದಿನ?

ಬಾಣಂತಿ ಅಳುತ್ತಿದ್ದಾಳೆ, ರಕ್ತ ಹೋಗುತ್ತಿದೆ, ತಲೆನೋವು ಅನ್ನುತ್ತಿದ್ದಾಳೆ. ಇದರಲ್ಲಿ ಯಾವುದು ಸಹಜ, ಯಾವುದು ಅಪಾಯ ಎಂದು ಯಾರಾದರೂ ಕೇಳಿದರೆ, ಹೆರಿಗೆಯಾಗಿ ಎಷ್ಟು ದಿನವಾಯಿತು ಎಂದು ತಿಳಿಯದೆ ಉತ್ತರ ಹೇಳಲಾಗದು. ನಾಲ್ಕನೇ ದಿನದ ಅಳುವಿಗೂ ನಾಲ್ಕನೇ ವಾರದ ಅಳುವಿಗೂ ಅಜಗಜಾಂತರ. ಎರಡನೇ ದಿನ ಕೆಂಪಗೆ ರಕ್ತ ಹೋಗುವುದು ಸಹಜ. ಇಪ್ಪತ್ತೈದನೇ ದಿನವೂ ಅಷ್ಟೇ ಹೋಗುತ್ತಿದ್ದರೆ ಮಾಸಿನ ಚೂರು ಒಳಗೆ ಉಳಿದಿದೆಯೋ, ಸೋಂಕಾಗಿದೆಯೋ ಎಂದು ನೋಡಿಸಲೇಬೇಕು.

ಆದರೆ ರೂಢಿಯಲ್ಲಿ ಇದೆಲ್ಲವನ್ನೂ ಆರು ವಾರದ ಒಂದೇ ಗಂಟು ಮಾಡಿಬಿಟ್ಟಿದ್ದೇವೆ. ಆರನೇ ವಾರ ಒಂದು ತಪಾಸಣೆ, ಅಲ್ಲಿಗೆ ಮುಗಿಯಿತು. ಜೀವಕ್ಕೆ ಕುತ್ತು ತರುವ ತೊಂದರೆಗಳಲ್ಲಿ ಹೆಚ್ಚಿನವು ಆ ತಪಾಸಣೆಗೆ ಮೊದಲೇ ಬಂದಿರುತ್ತವೆ. ವರ್ಷಗಟ್ಟಲೆ ಕಾಡುವವು ಎಷ್ಟೋ ಸಲ ಅದಾದ ಮೇಲೆ ಶುರುವಾಗುತ್ತವೆ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೊರತಂದ ಮಾರ್ಗಸೂಚಿ ಹೆರಿಗೆಯ ನಂತರ ಕನಿಷ್ಠ 24 ಗಂಟೆ ಆಸ್ಪತ್ರೆಯ ನಿಗಾ, ಆಮೇಲೆ 48ರಿಂದ 72 ಗಂಟೆಯೊಳಗೆ ಒಮ್ಮೆ, 7ರಿಂದ 14 ದಿನದೊಳಗೆ ಒಮ್ಮೆ, ಆರನೇ ವಾರ ಮತ್ತೊಮ್ಮೆ ತಾಯಿಯನ್ನು ನೋಡಬೇಕು ಎನ್ನುತ್ತದೆ. ಈ ದಿನಗಳನ್ನು ಸುಮ್ಮನೆ ಆರಿಸಿದ್ದಲ್ಲ. ಪ್ರತಿಯೊಂದು ಹೊತ್ತಿಗೂ ಅದರದೇ ಅಪಾಯವಿದೆ.

ಒಳಗಿನ ಗಾಯ

ಮಾಸು ಕಳಚಿದ ಜಾಗದಲ್ಲಿ, ಗರ್ಭಕೋಶದ ಒಳಗೋಡೆಯ ಮೇಲೆ, ಅಂಗೈ ಅಗಲದ ಹಸಿ ಗಾಯ ಉಳಿದಿರುತ್ತದೆ. ಕಣ್ಣಿಗೆ ಕಾಣುವುದಿಲ್ಲವಾದ್ದರಿಂದ ಯಾರೂ ಅದನ್ನು ಗಾಯ ಎಂದು ಲೆಕ್ಕಕ್ಕೆ ಹಿಡಿಯುವುದಿಲ್ಲ. ಅಲ್ಲಿನ ರಕ್ತನಾಳಗಳ ಬಾಯಿ ಮುಚ್ಚುವುದು ಗರ್ಭಕೋಶದ ಸ್ನಾಯು ಬಿಗಿದುಕೊಳ್ಳುವುದರಿಂದ. ಹೆರಿಗೆಯಾದ ತಕ್ಷಣ ಸುಮಾರು ಒಂದು ಕಿಲೋ ತೂಗುವ ಗರ್ಭಕೋಶ ಹೊಕ್ಕುಳಿನ ಮಟ್ಟದಲ್ಲಿ ಗಟ್ಟಿಯಾಗಿ ಕೈಗೆ ಸಿಗುತ್ತದೆ. ದಿನಕ್ಕೆ ಸುಮಾರು ಒಂದು ಬೆರಳಿನಷ್ಟು ಇಳಿಯುತ್ತ ಎರಡು ವಾರದಲ್ಲಿ ಮುಟ್ಟಿದರೂ ಸಿಗದಂತಾಗಿ, ಆರನೇ ವಾರದ ಹೊತ್ತಿಗೆ 60ರಿಂದ 80 ಗ್ರಾಂ ಆಗುತ್ತದೆ. ಹಾಲೂಡಿಸುವಾಗ ಕಿಬ್ಬೊಟ್ಟೆ ಹಿಂಡಿದಂತೆ ನೋಯುವುದೂ ಇದೇ ಕೆಲಸದ ಭಾಗ. ಮಗು ಚೀಪಿದಾಗ ಬರುವ ಆಕ್ಸಿಟೋಸಿನ್ ಹಾರ್ಮೋನು ಹಾಲನ್ನೂ ಇಳಿಸುತ್ತದೆ, ಗರ್ಭಕೋಶವನ್ನೂ ಬಿಗಿಸುತ್ತದೆ. ಎರಡನೇ, ಮೂರನೇ ಹೆರಿಗೆಯಲ್ಲಿ ಈ ನೋವು ಹೆಚ್ಚು. "ಮೊದಲ ಸಲ ಹೀಗಿರಲಿಲ್ಲವಲ್ಲ" ಎಂದು ಗಾಬರಿಯಾಗಬೇಕಿಲ್ಲ.

ಸ್ರಾವ ಮೊದಲ ಮೂರು ನಾಲ್ಕು ದಿನ ಕೆಂಪಗಿದ್ದು, ಆಮೇಲೆ ಕಂದುಗೆಂಪಿಗೆ ತಿರುಗಿ, ಎರಡನೇ ವಾರದ ನಂತರ ಹಳದಿ ಬಿಳುಪಾಗುತ್ತದೆ. ನಾಲ್ಕರಿಂದ ಆರು ವಾರಕ್ಕೆ ನಿಲ್ಲುತ್ತದೆ. ನಡುವೆ, ಏಳನೇ ದಿನದಿಂದ ಹದಿನಾಲ್ಕನೇ ದಿನದೊಳಗೆ, ಗಾಯದ ಹಕ್ಕಳೆ ಕಳಚುವಾಗ ಒಂದೆರಡು ಗಂಟೆ ಮತ್ತೆ ಕೆಂಪು ಕಾಣಿಸಿ ತಾನಾಗಿ ತಗ್ಗಬಹುದು. ಓಡಾಟ ಜಾಸ್ತಿಯಾದ ದಿನವೂ ಹಾಗೆಯೇ. ಆದರೆ ದೊಡ್ಡ ಪ್ಯಾಡ್ ಒಂದೇ ಗಂಟೆಯಲ್ಲಿ ಪೂರ್ತಿ ನೆನೆದು, ಮುಂದಿನ ಗಂಟೆಯೂ ಹಾಗೇ ಆದರೆ, ಕೋಳಿಮೊಟ್ಟೆಗಿಂತ ದೊಡ್ಡ ಹೆಪ್ಪು ಬಿದ್ದರೆ, ಕೆಟ್ಟ ವಾಸನೆ ಬಂದರೆ, ಜ್ವರ 38 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಕಾಯಬಾರದು. ತಲೆ ಸುತ್ತು, ಎದೆಬಡಿತ, ತಣ್ಣನೆಯ ಬೆವರು ಜೊತೆಗೆ ಇದ್ದರೆ ಪ್ಯಾಡಿನ ಲೆಕ್ಕ ಹಾಕುತ್ತ ಕೂರುವುದೂ ಬೇಡ, ನೇರ ಆಸ್ಪತ್ರೆಗೆ. ಮೊದಲ ದಿನಗಳಲ್ಲಾದರೆ ಹೊರಡುವಷ್ಟರಲ್ಲಿ ಮೂತ್ರ ಮಾಡಿಸಿ, ಮಗುವಿಗೆ ಮೊಲೆ ಕೊಡಿಸಿ, ಹೊಕ್ಕುಳಿನ ಕೆಳಗೆ ಗರ್ಭಕೋಶ ಮೆತ್ತಗಿದೆ ಎನಿಸಿದರೆ ಗಟ್ಟಿಯಾಗುವವರೆಗೆ ಅಂಗೈಯಿಂದ ಉಜ್ಜಬೇಕು.

ಮೂತ್ರ ಮಾಡಿಸುವುದು ಯಾಕೆ? ತುಂಬಿದ ಮೂತ್ರಕೋಶ ಗರ್ಭಕೋಶವನ್ನು ಮೇಲಕ್ಕೆ ತಳ್ಳಿ ಬಿಗಿಯಲು ಬಿಡುವುದಿಲ್ಲ. ಹೆರಿಗೆಯಾದ ಮೇಲೆ, ಅಥವಾ ಮೂತ್ರದ ನಳಿಕೆ ತೆಗೆದ ಮೇಲೆ, ಆರು ಗಂಟೆಯೊಳಗೆ ಮೂತ್ರ ಹೋಗಲೇಬೇಕು. ಮರಗಟ್ಟಿಸಲು ಬೆನ್ನಿಗೆ ಚುಚ್ಚುಮದ್ದು ಕೊಟ್ಟಿದ್ದರೆ ತುಂಬಿದ್ದೇ ಗೊತ್ತಾಗದಿರಬಹುದು. ಆಗಾಗ ಎರಡೆರಡು ಚಮಚದಷ್ಟು ಹೋಗುತ್ತಿದೆ ಎಂದರೆ "ಹೋಗುತ್ತಿದೆಯಲ್ಲ" ಎಂದು ಸಮಾಧಾನ ಪಡುವಂತಿಲ್ಲ. ಅದು ತುಂಬಿ ತುಳುಕುತ್ತಿರುವುದೂ ಆಗಿರಬಹುದು.

ಮನೆಗೆ ಹೋದ ಮೇಲೆ ಏರುವ ಬಿ.ಪಿ.

ಇದನ್ನು ಒತ್ತಿ ಹೇಳಲೇಬೇಕು, ಯಾಕೆಂದರೆ ಮಗು ಹೊರಬಂದರೆ ಬಿ.ಪಿ. ಅಪಾಯ ಮುಗಿಯಿತು ಎಂಬ ನಂಬಿಕೆ ಓದಿದವರಲ್ಲೂ ಇದೆ. ಹೆರಿಗೆಯ ನಂತರ ರಕ್ತದೊತ್ತಡ ಅತಿ ಹೆಚ್ಚು ಏರುವುದು ಮೂರರಿಂದ ಆರನೇ ದಿನದ ನಡುವೆ, ಅಂದರೆ ಬಹುತೇಕರು ಮನೆ ಸೇರಿದ ಮೇಲೆ. ಬಸಿರಿನುದ್ದಕ್ಕೂ ಬಿ.ಪಿ. ಸರಿಯಿದ್ದವರಲ್ಲೂ ಪ್ರಿಎಕ್ಲಾಂಪ್ಸಿಯಾ, ಅಂದರೆ ಬಿ.ಪಿ. ಏರಿ ಅಂಗಾಂಗಗಳಿಗೆ ಪೆಟ್ಟು ಕೊಡುವ ಬಸಿರು ಬಾಣಂತನದ ಕಾಯಿಲೆ, ಹೆರಿಗೆಯ ನಂತರ ಮೊದಲ ಬಾರಿಗೆ ಬರಬಹುದು. ಆರು ವಾರದವರೆಗೂ ಆ ಸಾಧ್ಯತೆ ಇದ್ದೇ ಇರುತ್ತದೆ. ಮಾತ್ರೆಗೂ ಬಗ್ಗದ ತಲೆನೋವು, ಕಣ್ಣ ಮುಂದೆ ಮಿಂಚು ಅಥವಾ ಮಬ್ಬು, ಬಲಗಡೆ ಪಕ್ಕೆಲುಬಿನ ಕೆಳಗೆ ನೋವು, ಮುಖ ಕೈ ದಿಢೀರನೆ ಊದಿಕೊಳ್ಳುವುದು ಇದರ ಗುರುತು. ನಿದ್ದೆಗೆಟ್ಟದ್ದಕ್ಕೆ ತಲೆನೋವು ಎಂದು ತಳ್ಳಿಹಾಕುವುದು ಬಹಳ ಸುಲಭ, ಅಷ್ಟೇ ಅಪಾಯ.

ಮನೆಯಲ್ಲಿ ಬಿ.ಪಿ. ನೋಡುವುದಾದರೆ ಐದು ನಿಮಿಷ ಸುಮ್ಮನೆ ಕೂರಬೇಕು. ಬೆನ್ನಿಗೆ ಆಸರೆ ಇರಲಿ, ಕಾಲು ನೆಲ ಮುಟ್ಟಿರಲಿ, ಕಾಲ ಮೇಲೆ ಕಾಲು ಬೇಡ, ತೋಳು ಎದೆಯ ಮಟ್ಟದಲ್ಲಿರಲಿ, ಪಟ್ಟಿ ಬಟ್ಟೆಯ ಮೇಲಲ್ಲ, ಬರಿ ತೋಳಿಗೇ ಬರಲಿ. ಹಾಲೂಡಿಸುತ್ತ, ಮಾತಾಡುತ್ತ ನೋಡಿದ ಬಿ.ಪಿ. ಲೆಕ್ಕಕ್ಕಿಲ್ಲ. 140/90 ಅಥವಾ ಮೇಲೆ ಬಂದರೆ ಅಂದೇ ವೈದ್ಯರಿಗೆ ಫೋನ್. 160/110 ಬಂದರೆ ಹದಿನೈದು ನಿಮಿಷದೊಳಗೆ ಇನ್ನೊಮ್ಮೆ ನೋಡಿ, ಅಷ್ಟೇ ಇದ್ದರೆ ತಕ್ಷಣ ಆಸ್ಪತ್ರೆ. ಬೆನ್ನಿನ ಚುಚ್ಚುಮದ್ದಿನಿಂದ ಬರುವ ತಲೆನೋವು ಬೇರೆ ಜಾತಿಯದು. ಎದ್ದು ಕೂತರೆ ಜಾಸ್ತಿ, ಮಲಗಿದರೆ ಕಡಿಮೆ. ಸಾಮಾನ್ಯವಾಗಿ ಮೊದಲ ಐದು ದಿನದಲ್ಲಿ ಶುರುವಾಗುತ್ತದೆ. ಇದಕ್ಕೂ ಚಿಕಿತ್ಸೆಯಿದೆ, ಸಹಿಸಿಕೊಂಡಿರಬೇಕಿಲ್ಲ.

ರಕ್ತ ಹೆಪ್ಪುಗಟ್ಟುವ ಗುಣವೂ ಮೊದಲ ಆರು ವಾರ ಹೆಚ್ಚು, ಸಿಸೇರಿಯನ್ ಆದವರಲ್ಲಿ ಇನ್ನೂ ಹೆಚ್ಚು. ಎರಡೂ ಕಾಲು ಸಮನಾಗಿ ಊದುವುದು ಸಾಮಾನ್ಯ. ಒಂದೇ ಕಾಲಿನ ಮೀನಖಂಡ ಊದಿ, ಬಿಸಿಯಾಗಿ, ನೋಯುತ್ತಿದ್ದರೆ, ಅಥವಾ ಇದ್ದಕ್ಕಿದ್ದಂತೆ ಉಸಿರು ಸಿಗದೆ ಎದೆ ಚುಚ್ಚಿದರೆ ತುರ್ತು. ಚಪ್ಪಟೆ ಮಲಗಿದರೆ ಉಸಿರು ಕಟ್ಟುತ್ತದೆ, ದಿಂಬು ಏರಿಸಿಕೊಳ್ಳಬೇಕು ಎನ್ನುವವಳ ಹೃದಯವನ್ನು ಪರೀಕ್ಷಿಸಬೇಕು. ಹೆರಿಗೆಗೆ ಸಂಬಂಧಿಸಿದ ಹೃದಯದ ಸ್ನಾಯುವಿನ ದೌರ್ಬಲ್ಯ ಐದು ತಿಂಗಳವರೆಗೂ ಬರಬಹುದು.

ಹೊಲಿಗೆ, ಮತ್ತು ಮೊದಲ ಸಲ ಶೌಚಕ್ಕೆ ಹೋಗುವುದು

ಯೋನಿಯ ಬಳಿ ಹರಿದಿದ್ದಕ್ಕೆ ನಾಲ್ಕು ದರ್ಜೆ. ಮೊದಲನೆಯದು ಚರ್ಮ ಮಾತ್ರ, ಎರಡನೆಯದು ಸ್ನಾಯುವಿನವರೆಗೆ, ಮೂರನೆಯದು ಗುದದ್ವಾರದ ಬಿಗಿ ಸ್ನಾಯುವಿಗೆ, ನಾಲ್ಕನೆಯದು ಗುದದ ಒಳಪದರದವರೆಗೆ. ತನಗೆ ಯಾವ ದರ್ಜೆ ಎಂದು ಪ್ರತಿ ತಾಯಿಗೂ ಗೊತ್ತಿರಬೇಕು. ಡಿಸ್ಚಾರ್ಜ್ ಚೀಟಿಯಲ್ಲಿ ಇಲ್ಲದಿದ್ದರೆ ಕೇಳಿ ಬರೆಸಿಕೊಳ್ಳಿ. ಮೊದಲ ಎರಡು ಮೂರು ದಿನ ಬಟ್ಟೆಯಲ್ಲಿ ಸುತ್ತಿದ ಐಸ್ ಒಂದು ಸಲಕ್ಕೆ ಹತ್ತರಿಂದ ಇಪ್ಪತ್ತು ನಿಮಿಷ ಇಟ್ಟರೆ ಊತ ಇಳಿಯುತ್ತದೆ. ಮೂತ್ರ ಮಾಡುತ್ತಲೇ ಬಾಟಲಿಯಿಂದ ಉಗುರುಬೆಚ್ಚಗಿನ ನೀರು ಸುರಿದುಕೊಂಡರೆ ಉರಿ ಅರ್ಧಕ್ಕರ್ಧ ಕಡಿಮೆ. ಒರೆಸುವುದು ಮುಂದಿನಿಂದ ಹಿಂದಕ್ಕೆ, ಉಜ್ಜದೆ ಒತ್ತಿ. ಪ್ಯಾಡ್ ತುಂಬಿರದಿದ್ದರೂ ನಾಲ್ಕು ಗಂಟೆಗೊಮ್ಮೆ ಬದಲಿಸಬೇಕು. ದಾರ ಕೆಲವು ವಾರದಲ್ಲಿ ತಾನಾಗಿ ಕರಗುತ್ತದೆ, ಚೂರುಗಳು ಪ್ಯಾಡಿನಲ್ಲಿ ಕಾಣಿಸಬಹುದು.

ಬಹಳ ಜನ ಬಾಯಿಬಿಟ್ಟು ಹೇಳದ ಭಯ ಮೊದಲ ಸಲ ಮಲವಿಸರ್ಜನೆಯದು. ಹೊಲಿಗೆ ಬಿಚ್ಚೀತು ಎಂದು ತಡೆದು ಕೂರುತ್ತಾರೆ, ತಡೆದಷ್ಟೂ ಮಲ ಗಟ್ಟಿಯಾಗುತ್ತದೆ, ಗಟ್ಟಿಯಾದಷ್ಟೂ ಮುಕ್ಕಬೇಕಾಗುತ್ತದೆ. ಮೊದಲ ದಿನದಿಂದಲೇ ಸಾಕಷ್ಟು ನೀರು, ನಾರಿನಂಶ, ವೈದ್ಯರು ಬರೆದರೆ ಮಲ ಮೆತ್ತಗಾಗಿಸುವ ಲ್ಯಾಕ್ಟುಲೋಸ್ ಔಷಧ. ಕಬ್ಬಿಣದ ಮಾತ್ರೆ ಮಲಬದ್ಧತೆ ಮಾಡುತ್ತದೆ ಎಂದು ಅದನ್ನು ನಿಲ್ಲಿಸುವ ಮೊದಲು ಲ್ಯಾಕ್ಟುಲೋಸ್ ಕೇಳುವುದು ಮೇಲು. ಕಮೋಡಿನಲ್ಲಿ ಕೂತಾಗ ಪಾದದ ಕೆಳಗೆ ಸಣ್ಣ ಮಣೆಯಿಟ್ಟು ಮೊಣಕಾಲು ಸೊಂಟಕ್ಕಿಂತ ಮೇಲಿರುವಂತೆ ನೋಡಿಕೊಂಡು, ಮುಂದಕ್ಕೆ ಬಾಗಿ, ಉಸಿರು ಬಿಗಿಹಿಡಿಯದೆ ಹೊರಬಿಡುತ್ತ, ಶುಭ್ರ ಪ್ಯಾಡಿನಿಂದ ಹೊಲಿಗೆಯ ಜಾಗವನ್ನು ಮೆಲ್ಲಗೆ ಮುಂದಿನಿಂದ ಆನಿಸಿ ಹಿಡಿಯಬೇಕು. ಹೊಲಿಗೆ ಬಿಚ್ಚುವುದಿಲ್ಲ. ಮೂರು, ನಾಲ್ಕನೇ ದರ್ಜೆಯವರಿಗೆ ಗಾಳಿಯೋ ಮಲವೋ ತಡೆಯಲಾಗದೆ ಹೋಗುತ್ತಿದ್ದರೆ ಅದನ್ನು ಹೇಳಲೇಬೇಕು. ನಾಚಿಕೆಯಿಂದ ಮುಚ್ಚಿಟ್ಟುಕೊಂಡು ದಶಕ ಕಳೆದವರಿದ್ದಾರೆ.

ಸಿಸೇರಿಯನ್ ಗಾಯದ ಬಗ್ಗೆ ಚಿಕ್ಕದಾಗಿ: ಮೇಲಿನ ಚರ್ಮ ಎರಡು ವಾರದಲ್ಲಿ ಕೂಡಿಕೊಂಡಂತೆ ಕಂಡರೂ ಒಳಪದರ ಗಟ್ಟಿಯಾಗಲು ತಿಂಗಳುಗಳು ಬೇಕು. ಏಳುವಾಗ ಪಕ್ಕಕ್ಕೆ ಹೊರಳಿ, ಕಾಲು ಕೆಳಗಿಳಿಸಿ, ಕೈಯೂರಿ ಏಳಬೇಕು. ಕೆಮ್ಮುವಾಗ ದಿಂಬು ಒತ್ತಿ ಹಿಡಿಯಬೇಕು. ಮಗುವಿಗಿಂತ ಭಾರವಾದದ್ದನ್ನು ಆರು ವಾರ ಎತ್ತಬಾರದು. ನೋವಿನ ಮಾತ್ರೆಯನ್ನು ನೋವು ಏರಿದ ಮೇಲೆ ನುಂಗುವುದಕ್ಕಿಂತ ಮೊದಲ ಕೆಲವು ದಿನ ಹೊತ್ತು ಹೊತ್ತಿಗೆ ತೆಗೆದುಕೊಂಡವರು ಬೇಗ ಓಡಾಡುತ್ತಾರೆ, ಓಡಾಡಿದವರಿಗೆ ಹೆಪ್ಪಿನ ಅಪಾಯ ಕಡಿಮೆ.

ಎದೆ ಕಟ್ಟಿದಾಗ

ಹಾಲು ತುಂಬಿಕೊಳ್ಳುವುದು ಎರಡರಿಂದ ಐದನೇ ದಿನದೊಳಗೆ. ಎದೆ ಕಲ್ಲಿನಂತಾಗಿ ಮೊಲೆತೊಟ್ಟು ಚಪ್ಪಟೆಯಾದರೆ ಮಗುವಿಗೆ ಹಿಡಿಯಲು ಬರುವುದಿಲ್ಲ; ಊಡಿಸುವ ಮೊದಲು ತೊಟ್ಟಿನ ಸುತ್ತ ಬೆರಳ ತುದಿಯಿಂದ ಒಂದು ನಿಮಿಷ ಒಳಕ್ಕೆ ಒತ್ತಿ ಹಿಡಿದರೆ ಅಲ್ಲಿನ ಊತ ಹಿಂದೆ ಸರಿದು ತೊಟ್ಟು ಮೃದುವಾಗುತ್ತದೆ. ತೊಟ್ಟು ಒಡೆದರೆ ಮುಲಾಮಿಗಿಂತ ಮೊದಲು ಮಗು ಹಿಡಿಯುವ ರೀತಿ ನೋಡಬೇಕು. ತೊಟ್ಟು ಮಾತ್ರವಲ್ಲ, ಸುತ್ತಲಿನ ಕಪ್ಪು ಭಾಗವೂ ಬಾಯೊಳಗೆ ಹೋಗಬೇಕು, ಕೆಳತುಟಿ ಹೊರಕ್ಕೆ ಮಡಚಿರಬೇಕು.

ಎದೆಯ ಉರಿಯೂತದ ವಿಚಾರದಲ್ಲಿ ಸಲಹೆಯೇ ಬದಲಾಗಿದೆ, ಹಳೆಯದನ್ನೇ ಹೇಳುವವರು ಇನ್ನೂ ಬಹಳ. ಗಂಟಾದ ಕಡೆ ಗಟ್ಟಿಯಾಗಿ ತಿಕ್ಕು, ಬಿಸಿ ಕೊಡು, ಪಂಪ್ ಹಾಕಿ ಪೂರ್ತಿ ಬರಿದು ಮಾಡು ಎನ್ನುತ್ತಿದ್ದರು. ಎದೆಹಾಲಿನ ವೈದ್ಯರ ಅಂತರರಾಷ್ಟ್ರೀಯ ಅಕಾಡೆಮಿ 2022ರಲ್ಲಿ ಇದನ್ನು ಬಹುಮಟ್ಟಿಗೆ ತಿರುಗಿಸಿ ಹಾಕಿತು. ಅಲ್ಲಿರುವುದು ಹೊರತೆಗೆಯಬೇಕಾದ ಅಡಚಣೆಯಲ್ಲ, ಊತ. ತಿಕ್ಕಿದರೆ ಸೂಕ್ಷ್ಮ ನಾಳಗಳು ನಜ್ಜಾಗುತ್ತವೆ. ಪಂಪ್ ಮಾಡಿದಷ್ಟೂ ಹಾಲು ಹೆಚ್ಚಾಗಿ ಊತ ಬಲಿಯುತ್ತದೆ. ಈಗ ಹೇಳುವುದು: ತಣ್ಣನೆಯ ಪಟ್ಟಿ, ವೈದ್ಯರನ್ನು ಕೇಳಿ ಐಬುಪ್ರೊಫೆನ್, ಮಗು ಕೇಳಿದಷ್ಟೇ ಹಾಲು, ಬೇಕಾದರೆ ಕಂಕುಳಿನ ಕಡೆಗೆ ಚರ್ಮವನ್ನಷ್ಟೇ ಸವರುವ ಹಗುರ ಕೈ. 24 ಗಂಟೆಯಲ್ಲಿ ಇಳಿಯದ ಜ್ವರ ಮತ್ತು ಕೆಂಪಿಗೆ ಆಂಟಿಬಯಾಟಿಕ್ ಬೇಕಾಗಬಹುದು. ಊಡಿಸುವುದನ್ನು ನಿಲ್ಲಿಸಬೇಕಿಲ್ಲ.

ಆರು ವಾರದ ಆಚೆ

ಕೆಮ್ಮಿದರೆ, ಸೀನಿದರೆ ಮೂತ್ರ ಸೋರುವುದು ಹೆರಿಗೆಯಾದವರಲ್ಲಿ ಸುಮಾರು ಮೂವರಲ್ಲಿ ಒಬ್ಬರಿಗೆ. ಸಾಮಾನ್ಯ ಎಂದ ಮಾತ್ರಕ್ಕೆ ಅನುಭವಿಸಿಕೊಂಡೇ ಇರಬೇಕು ಎಂದಲ್ಲ. ಕಿಬ್ಬೊಟ್ಟೆಯ ತಳದ ಸ್ನಾಯುಗಳನ್ನು, ಅಂದರೆ ಗಾಳಿ ಹೋಗದಂತೆ ತಡೆಯುವಾಗ ಬಿಗಿಯುವ ಜಾಗವನ್ನು, ಒಳಕ್ಕೂ ಮೇಲಕ್ಕೂ ಎಳೆದು ಮೊದಲು ಮೂರು ನಾಲ್ಕು ಸೆಕೆಂಡ್, ಕ್ರಮೇಣ ಹತ್ತು ಸೆಕೆಂಡ್ ಹಿಡಿದು, ಅಷ್ಟೇ ಹೊತ್ತು ಪೂರ್ತಿ ಸಡಿಲ ಬಿಡಬೇಕು. ಒಂದು ಸುತ್ತಿಗೆ ಎಂಟರಿಂದ ಹನ್ನೆರಡು, ದಿನಕ್ಕೆ ಮೂರು ಸುತ್ತು, ಕನಿಷ್ಠ ಮೂರು ತಿಂಗಳು. ಕೆಡುವುದು ಎಲ್ಲೆಂದರೆ: ಉಸಿರು ಬಿಗಿಹಿಡಿಯುತ್ತಾರೆ, ಪೃಷ್ಠ ತೊಡೆ ಬಿಗಿಯುತ್ತಾರೆ, ಎಳೆಯುವ ಬದಲು ಕೆಳಕ್ಕೆ ಮುಕ್ಕುತ್ತಾರೆ, ಸಡಿಲ ಬಿಡುವುದನ್ನೇ ಮರೆಯುತ್ತಾರೆ. ಮೂತ್ರ ಮಾಡುವಾಗ ನಡುವೆ ತಡೆದು ಅಭ್ಯಾಸ ಮಾಡುವುದು ತಪ್ಪು. ಸೀನು ಬರುವ ಕ್ಷಣಕ್ಕೆ ಮುಂಚೆ ಬಿಗಿದುಕೊಳ್ಳುವುದು ರೂಢಿಯಾದರೆ ಬೇಗ ಫಲ ಕಾಣುತ್ತದೆ. ಕೆಲವರಲ್ಲಿ ಈ ಸ್ನಾಯು ದುರ್ಬಲವಲ್ಲ, ಅತಿ ಬಿಗಿ. ಸಂಭೋಗದಲ್ಲಿ ನೋವು, ಮೂತ್ರ ಶುರುವಾಗಲು ತಡ. ಅವರು ಇದೇ ವ್ಯಾಯಾಮ ಮಾಡಿದರೆ ತೊಂದರೆ ಹೆಚ್ಚಾಗುತ್ತದೆ. ಆದ್ದರಿಂದ ಒಮ್ಮೆ ಫಿಸಿಯೋಥೆರಪಿಸ್ಟ್ ಕೈಯಲ್ಲಿ ಪರೀಕ್ಷೆ ಮಾಡಿಸಿಕೊಳ್ಳುವುದು ಒಳ್ಳೆಯದು.

ಹಾಲೂಡಿಸುವಷ್ಟು ಕಾಲ ಈಸ್ಟ್ರೊಜೆನ್ ಎಂಬ ಹೆಣ್ಣು ಹಾರ್ಮೋನು ಕಡಿಮೆ. ಯೋನಿ ಒಣಗುತ್ತದೆ; ಇದು ಆಸೆಯ ಕೊರತೆಯಲ್ಲ, ಹಾರ್ಮೋನಿನ ಕೊರತೆ. ಜಾರಿಕೆಯ ಜೆಲ್ ಸಾಕಾಗದಿದ್ದರೆ ಈಸ್ಟ್ರೊಜೆನ್ ಮುಲಾಮು ಇದೆ. ಆರನೇ ವಾರಕ್ಕೆ ಸಿದ್ಧಳಾಗಿರಲೇಬೇಕು ಎಂಬ ನಿಯಮ ಯಾವ ದೇಹಕ್ಕೂ ಇಲ್ಲ. ಗರ್ಭನಿರೋಧಕದ ಯೋಚನೆ ಮಾತ್ರ 21ನೇ ದಿನದಿಂದಲೇ ಬೇಕು, ಮುಟ್ಟು ಬರುವುದಕ್ಕೆ ಮೊದಲೇ ಅಂಡ ಬಿಡುಗಡೆಯಾಗುತ್ತದೆ. ಹಾಲೂಡಿಕೆಯೇ ತಡೆಯಾಗಬೇಕಾದರೆ ಮೂರೂ ಷರತ್ತು ಒಟ್ಟಿಗೆ ಇರಬೇಕು: ಮಗುವಿಗೆ ಆರು ತಿಂಗಳು ತುಂಬಿರಬಾರದು, ಮುಟ್ಟು ಮರಳಿರಬಾರದು, ಎದೆಹಾಲು ಬಿಟ್ಟು ಬೇರೇನೂ ಕೊಡದೆ ಹಗಲು ನಾಲ್ಕು ಗಂಟೆ, ರಾತ್ರಿ ಆರು ಗಂಟೆಗಿಂತ ಹೆಚ್ಚು ಬಿಡುವಾಗಬಾರದು. ಆಗ ಅದು 98 ಪ್ರತಿಶತ ಕೆಲಸ ಮಾಡುತ್ತದೆ. ಒಂದು ತಪ್ಪಿದರೂ ಬೇರೆ ದಾರಿ ಬೇಕು.

ಮೂರನೇ ತಿಂಗಳ ಸುಮಾರಿಗೆ ಕೂದಲು ಉದುರುತ್ತದೆ. ವರ್ಷದೊಳಗೆ ಮರಳುತ್ತದೆ, ಎಣ್ಣೆ ಬದಲಿಸಿ ಪ್ರಯೋಜನವಿಲ್ಲ. ಆದರೆ ಸುಸ್ತು, ತೂಕದ ಏರುಪೇರು, ಮಂಕು ಇವು ಜೊತೆಗಿದ್ದರೆ ಥೈರಾಯ್ಡ್ ನೋಡಿಸಿ. ನೂರರಲ್ಲಿ ಸುಮಾರು ಐವರಿಗೆ ಹೆರಿಗೆಯ ನಂತರ ಥೈರಾಯ್ಡ್ ಗ್ರಂಥಿಯಲ್ಲಿ ಉರಿಯೂತವಾಗುತ್ತದೆ. ಮೊದಲ ನಾಲ್ಕು ತಿಂಗಳಲ್ಲಿ ಹಾರ್ಮೋನ್ ಜಾಸ್ತಿಯಾಗಿ ಚಡಪಡಿಕೆ, ಎದೆಬಡಿತ. ನಾಲ್ಕರಿಂದ ಎಂಟನೇ ತಿಂಗಳಲ್ಲಿ ಕಡಿಮೆಯಾಗಿ ಜಡತನ. ಮೊದಲನೆಯದನ್ನು ಆತಂಕ ಎಂದೂ ಎರಡನೆಯದನ್ನು ಖಿನ್ನತೆ ಎಂದೂ ತಪ್ಪು ತಿಳಿಯುವುದು ಸುಲಭ. ಮನಸ್ಸಿಗೆ ಮಾತ್ರೆ ಶುರುಮಾಡುವ ಮೊದಲು ಟಿ.ಎಸ್.ಎಚ್. (ಥೈರಾಯ್ಡಿನ ರಕ್ತಪರೀಕ್ಷೆ) ಮತ್ತು ಹಿಮೋಗ್ಲೋಬಿನ್ ಎರಡನ್ನೂ ನೋಡಿಸುವುದು ಇದಕ್ಕೇ.

ಅಳು, ಭಯ, ನಿದ್ದೆ

ಎರಡು ಮೂರನೇ ದಿನ ಶುರುವಾಗಿ ಐದನೇ ದಿನದ ಸುಮಾರಿಗೆ ಹೆಚ್ಚಾಗುವ, ಕಾರಣವಿಲ್ಲದ ಅಳು ಅರ್ಧಕ್ಕಿಂತ ಹೆಚ್ಚು ತಾಯಂದಿರಿಗೆ ಬರುತ್ತದೆ. ನಗುನಗುತ್ತಲೇ ಕಣ್ಣೀರು. ಹಾರ್ಮೋನುಗಳು ಒಮ್ಮೆಲೇ ಕುಸಿಯುವ ಹೊತ್ತು ಅದು. ಎರಡು ವಾರದೊಳಗೆ ತಾನಾಗಿ ಹೋಗುತ್ತದೆ. ಎರಡು ವಾರ ದಾಟಿಯೂ ಉಳಿದರೆ, ಅಥವಾ ತಿಂಗಳುಗಳ ನಂತರ ಹೊಸದಾಗಿ ಬಂದರೆ, ಅದು ಖಿನ್ನತೆ ಇರಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಹೆರಿಗೆಯಾದವರಲ್ಲಿ ಸುಮಾರು 13 ಪ್ರತಿಶತ ಮಂದಿಗೆ ಮಾನಸಿಕ ತೊಂದರೆ, ಅದರಲ್ಲಿ ಹೆಚ್ಚಿನದು ಖಿನ್ನತೆ. ಎಲ್ಲರೂ ಅಳುವುದಿಲ್ಲ. ಸಿಡುಕು, ಮಗುವಿನ ಬಗ್ಗೆ ಏನೂ ಅನಿಸದಿರುವುದು, "ನಾನಿಲ್ಲದಿದ್ದರೇ ಇವರಿಗೆ ಒಳ್ಳೆಯದಿತ್ತು" ಎಂಬ ಯೋಚನೆ, ಇವೂ ಅದೇ.

ಸುಸ್ತು, ಹಸಿವಿನ ವ್ಯತ್ಯಾಸ ಎಲ್ಲ ಬಾಣಂತಿಯರಿಗೂ ಇರುವುದರಿಂದ ಖಿನ್ನತೆಯ ಸಾಮಾನ್ಯ ಪ್ರಶ್ನಾವಳಿಗಳು ಇಲ್ಲಿ ದಾರಿ ತಪ್ಪಿಸುತ್ತವೆ. ಜಾನ್ ಕಾಕ್ಸ್ ಮತ್ತು ಸಂಗಡಿಗರು 1987ರಲ್ಲಿ ಪ್ರಕಟಿಸಿದ ಎಡಿನ್‌ಬರೊ ಮಾಪಕ ಆ ದೈಹಿಕ ಪ್ರಶ್ನೆಗಳನ್ನು ಬಿಟ್ಟಿತು. ಹತ್ತು ಪ್ರಶ್ನೆ, ಕಳೆದ ಏಳು ದಿನಗಳ ಬಗ್ಗೆ, ಒಟ್ಟು ಅಂಕ 30. 13 ಅಥವಾ ಹೆಚ್ಚು ಬಂದರೆ ಖಿನ್ನತೆ ಇರುವ ಸಾಧ್ಯತೆ ಹೆಚ್ಚು, 10ರಿಂದ 12 ಬಂದರೆ ಮತ್ತೆ ನೋಡಬೇಕು. ಹತ್ತನೇ ಪ್ರಶ್ನೆ ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆಯ ಬಗ್ಗೆ. ಒಟ್ಟು ಅಂಕ ಎಷ್ಟೇ ಕಡಿಮೆಯಿದ್ದರೂ ಅಲ್ಲಿ ಸೊನ್ನೆ ಬಿಟ್ಟು ಬೇರೇನು ಬಂದರೂ ಅಂದೇ ಮಾತಾಡಬೇಕು. ಮನೆಯವರು ಕೇಳಬಹುದಾದ ಒಳ್ಳೆಯ ಪ್ರಶ್ನೆ ನಿದ್ದೆಯದು: ಮಗು ಮಲಗಿದೆ, ನೋಡಿಕೊಳ್ಳಲು ಬೇರೆಯವರಿದ್ದಾರೆ, ಆಗ ನಿದ್ದೆ ಬರುತ್ತದೆಯೇ? ಅವಕಾಶವಿದ್ದೂ ಬಾರದಿದ್ದರೆ ಅದು ಬರೀ ದಣಿವಲ್ಲ.

ಮಗುವನ್ನು ಕೈತಪ್ಪಿ ಬೀಳಿಸಿಬಿಟ್ಟರೆ, ಚಾಕು ತಾಗಿಬಿಟ್ಟರೆ ಎಂಬ ಚಿತ್ರಗಳು ಬೇಡವೆಂದರೂ ಮನಸ್ಸಿಗೆ ನುಗ್ಗುವುದು ಬಹುಪಾಲು ತಾಯಂದಿರಿಗೆ ಆಗುತ್ತದೆ. ಅವಳು ಅದರಿಂದ ಬೆಚ್ಚಿಬೀಳುತ್ತಾಳೆ, ಚಾಕು ಎತ್ತಿಡುತ್ತಾಳೆ. ಆ ಭಯವೇ ಅವಳು ಹಾಗೆ ಮಾಡುವವಳಲ್ಲ ಎಂಬುದರ ಸೂಚನೆ. ದಿನವಿಡೀ ಅದೇ ಆದರೆ ಗೀಳಿಗೆ ಚಿಕಿತ್ಸೆ ಬೇಕು, ಬೈಗುಳವಲ್ಲ. ಬಾಣಂತಿ ಸನ್ನಿ ಬೇರೆಯೇ. ಸಾವಿರದಲ್ಲಿ ಒಬ್ಬರು ಇಬ್ಬರಿಗೆ, ಹೆಚ್ಚಾಗಿ ಮೊದಲ ಎರಡು ವಾರದಲ್ಲಿ, ದಿಢೀರನೆ ಬರುತ್ತದೆ. ನಿದ್ದೆ ಬೇಕೆಂದೇ ಅನಿಸುವುದಿಲ್ಲ, ಮಾತು ಅಂಕೆ ತಪ್ಪುತ್ತದೆ, ಗೊಂದಲ, ಇಲ್ಲದ ದನಿ ಕೇಳುವುದು, ಮಗುವಿನ ಬಗ್ಗೆ ವಿಚಿತ್ರ ನಂಬಿಕೆ. ಇಲ್ಲಿ ಆ ಯೋಚನೆಗಳು ಅವಳಿಗೆ ಭಯ ಹುಟ್ಟಿಸುವುದಿಲ್ಲ, ನಿಜವೆನಿಸುತ್ತವೆ. ಇದು ಹೃದಯಾಘಾತದಷ್ಟೇ ತುರ್ತು. ತಾಯಿಯನ್ನಾಗಲಿ, ಮಗುವಿನ ಜೊತೆ ಅವಳನ್ನಾಗಲಿ ಒಂಟಿಯಾಗಿ ಬಿಡಬಾರದು, ಬೆಳಗಾಗಲಿ ಎಂದು ಕಾಯಬಾರದು. ಸರಿಯಾದ ಚಿಕಿತ್ಸೆ ಸಿಕ್ಕರೆ ಬಹುಪಾಲು ಪೂರ್ತಿ ಗುಣವಾಗುತ್ತಾರೆ.

ಹಾಲು ಇಳಿಯುವ ಕ್ಷಣದಲ್ಲಿ ಮಾತ್ರ, ಒಂದೆರಡು ನಿಮಿಷ, ಎದೆ ಕುಸಿದಂತೆ ದುಃಖ ಬಂದು ಹೋಗುವುದೂ ಉಂಟು. ಅದು ಹಾಲಿನ ಹಾರ್ಮೋನುಗಳ ಆಟ, ಖಿನ್ನತೆಯಲ್ಲ. ತಿಳಿದರೇ ಅರ್ಧ ಭಾರ ಇಳಿಯುತ್ತದೆ.

ಚಿಕಿತ್ಸೆಯಲ್ಲಿ ಮೊದಲು ನಿದ್ದೆ. ರಾತ್ರಿ ನಾಲ್ಕೈದು ಗಂಟೆ ಒಂದೇ ಸಮನೆ ಮಲಗಲು ಸಿಗಬೇಕು. ಹಗಲಿನ ತುಂಡು ನಿದ್ದೆಗಳು ಅದಕ್ಕೆ ಸಮವಲ್ಲ. ಒಂದು ಹೊತ್ತಿನ ಹಾಲು ಹಿಂಡಿಟ್ಟು ಬೇರೆಯವರು ಕುಡಿಸಬಹುದು, ಅಥವಾ ಮಗುವನ್ನು ತಂದು ಎದೆಗೆ ಹಚ್ಚಿ, ತೇಗಿಸಿ, ಬಟ್ಟೆ ಬದಲಿಸುವ ಕೆಲಸವನ್ನೆಲ್ಲ ಗಂಡ ಮಾಡಬಹುದು. ಹಗುರ, ಮಧ್ಯಮ ಖಿನ್ನತೆಗೆ ಮಾತಿನ ಚಿಕಿತ್ಸೆ ಸಾಕಾಗಬಹುದು. ಅದಕ್ಕಿಂತ ಹೆಚ್ಚಾದರೆ ಸರ್ಟ್ರಾಲಿನ್‌ನಂಥ ಮಾತ್ರೆ. ಎದೆಹಾಲಿಗೆ ಅದು ಹೋಗುವುದು ಅತ್ಯಲ್ಪ, ಮಾತ್ರೆಗಾಗಿ ಹಾಲು ಬಿಡಿಸಬೇಕಿಲ್ಲ. ಫಲ ಕಾಣಲು ಎರಡರಿಂದ ನಾಲ್ಕು ವಾರ ಬೇಕು. ಒಂದು ವಾರಕ್ಕೆ ಏನೂ ಆಗಲಿಲ್ಲವೆಂದು ನಿಲ್ಲಿಸಿಬಿಡುವುದೇ ಹೆಚ್ಚು ಕಾಣುವ ತಪ್ಪು. ಗುಣವಾದೆ ಎಂದು ಎರಡನೇ ತಿಂಗಳಿಗೇ ಬಿಡುವುದು ಅದರ ನಂತರದ್ದು. ಸಾಮಾನ್ಯವಾಗಿ ಚೇತರಿಸಿದ ಮೇಲೂ ಆರು ತಿಂಗಳಾದರೂ ಮುಂದುವರಿಸಿ, ನಿಧಾನವಾಗಿ ಇಳಿಸುತ್ತಾರೆ. ಹೆರಿಗೆಯ ನಂತರದ ಖಿನ್ನತೆಗೆಂದೇ ಇರುವ, ಹದಿನಾಲ್ಕು ದಿನ ನುಂಗುವ ಜುರನೊಲೋನ್ ಮಾತ್ರೆಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್.ಡಿ.ಎ. 2023ರ ಆಗಸ್ಟ್‌ನಲ್ಲಿ ಒಪ್ಪಿಗೆ ಕೊಟ್ಟಿದೆ. ತುಂಬ ಮಂಪರು ತರುವುದರಿಂದ ಅದನ್ನು ನುಂಗಿದ ರಾತ್ರಿ ಮಗುವನ್ನು ಬೇರೆಯವರು ನೋಡಿಕೊಳ್ಳಬೇಕು.

ಒಮ್ಮೆ ಖಿನ್ನತೆಯೋ ಸನ್ನಿಯೋ ಬಂದಿದ್ದರೆ ಮುಂದಿನ ಹೆರಿಗೆಯಲ್ಲಿ ಮರುಕಳಿಸುವ ಸಾಧ್ಯತೆ ಉಳಿದವರಿಗಿಂತ ಬಹಳ ಹೆಚ್ಚು. ಬೈಪೋಲಾರ್, ಅಂದರೆ ಉನ್ಮಾದ ಖಿನ್ನತೆಗಳ ನಡುವೆ ಮನಸ್ಸು ಏರಿಳಿಯುವ ಕಾಯಿಲೆ, ಇರುವವರಿಗೂ ಹೆರಿಗೆಯ ನಂತರ ಅಪಾಯ ಹೆಚ್ಚು. ಇದನ್ನು ಬಸಿರಿನ ಮೊದಲ ಭೇಟಿಯಲ್ಲೇ ಹೇಳಿ, ಯಾವ ಮಾತ್ರೆ ಯಾವಾಗ, ಮೊದಲ ಎರಡು ವಾರ ರಾತ್ರಿ ಯಾರು ಎಚ್ಚರ ಇರುತ್ತಾರೆ, ಯಾವ ಲಕ್ಷಣ ಕಂಡರೆ ಯಾವ ನಂಬರಿಗೆ ಫೋನ್ ಎಂದು ಒಂದು ಹಾಳೆಯಲ್ಲಿ ಬರೆದು, ಹೆರಿಗೆ ಆಸ್ಪತ್ರೆಯ ಫೈಲಿನಲ್ಲಿ ಒಂದು ಪ್ರತಿ, ಮನೆಯಲ್ಲಿ ಒಂದು ಪ್ರತಿ ಇಟ್ಟಿರಬೇಕು.